ಫ್ರಾಕ್ಟಲ್ ಚಿತ್ರ ಕೆಟ್ಟು ಬಂದ್ರ ಪ್ರಿಂಟರ್‌ನ ಬೈಬ್ಯಾಡ್ರಿ, ಮೊದ್ಲ ಬಣ್ಣ ತಗದು ನೋಡ್ರಿ

ಬಾಗಲಕೋಟಿ ನವನಗರದಾಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ. ಹಗಲೆಲ್ಲಾ ಮದ್ವಿ ಕಾರ್ಡು, ಜಾತ್ರಿ ಬ್ಯಾನರು, ಝೆರಾಕ್ಸು. ರಾತ್ರಿ ಒಂಬತ್ತಾತು ಅಂದ್ರ ಷಟರ್ ಅರ್ಧ ಇಳಿಸಿ ಪೈಥಾನ್ (ಕಂಪ್ಯೂಟರ್ ಕೋಡ್ ಬರಿಯೂ ಭಾಷೆ) ತಗದು ಮ್ಯಾಂಡೆಲ್‌ಬ್ರಾಟ್ ಚಿತ್ರ ಮಾಡ್ಕೋತ ಕೂಡೂದು. ಇದು ಫ್ರಾಕ್ಟಲ್, ಅಂದ್ರ ಎಷ್ಟು ಒಳಗ ಝೂಮ್ ಮಾಡಿದ್ರೂ ಹೊಸಾ ಬಾಗು ಸುರುಳಿ ಬರ್ಕೋತ ಹೋಗೂ ಲೆಕ್ಕದ ಚಿತ್ರ. ಮನ್ಯಾಗ ಇದಕ್ಕ ಹುಚ್ಚು ಅಂತಾರ, ನಾನು ಚಟ ಅಂತೀನಿ.

ಹೋದ ವರ್ಷ ವಿಜಯಪುರದ ಗಿರಾಕಿ ಒಬ್ರು ಹೊಸಾ ಮನಿ ಹಾಲಿಗೆ ಒಂದು ದೊಡ್ಡದು ಮಾಡಿಕೊಡ್ರಿ ಅಂದ್ರು. 4 ಅಡಿ ಅಗಲ, 3 ಅಡಿ ಎತ್ತರ, ಕ್ಯಾನ್ವಾಸ್ ಮ್ಯಾಲೆ. ಇಂಚಿಗೆ 250 ಪಿಕ್ಸೆಲ್ ಲೆಕ್ಕ ಹಿಡದ್ರ 12000 × 9000 ಪಿಕ್ಸೆಲ್. ಮೂರು ರಾತ್ರಿ ಲ್ಯಾಪ್‌ಟಾಪ್ ಓಡಿಸಿ ಫೈಲ್ ಮಾಡಿ ಬೆಳಗಾವಿಗೆ ಪ್ರಿಂಟಿಗೆ ಕಳಿಸಿದೆ. ಬಂತು. ದೂರಿಂದ ಚಂದ, ಹತ್ರ ಹೋದ್ರ ಇಡೀ ಚಿತ್ರದ ಮ್ಯಾಲೆ ಸಣ್ಣ ಸಣ್ಣ ಅಡ್ಡಚೂರು, ಯಾರೋ ಈರುಳ್ಳಿ ಹೆಚ್ಚಿ ಹರವಿಟ್ಟಂಗ. ನಾನು ಫೋನ್ ಹಚ್ಚಿ ಪ್ರಿಂಟಿಂಗ್ ಹುಡುಗನ್ನ ಚೊಲೋತ್ನಂಗ ಬೈದೆ, ನಿಮ್ಮ ಹೆಡ್ ಕಟ್ಟೇತಿ, ಕ್ಲೀನ್ ಮಾಡಿಲ್ಲ, ಅದೂ ಇದೂ. ಅವ ಪೂರಾ ಕೇಳಿಸ್ಕೊಂಡು ಒಂದ ಮಾತು ಅಂದ, "ಅಣ್ಣಾ, ನೀವು ಕಳಿಸಿದ್ದ ಫೈಲ್ ಝೂಮ್ ಮಾಡಿ ನೋಡೀರೇನು?"

ನೋಡಿರಲಿಲ್ಲ. ಫೈಲ್‌ನಾಗ ಇತ್ತು ಆ ಚೂರು.

ಅವತ್ತಿಂದ ಕಲ್ತದ್ದನ್ನ ಇಲ್ಲಿ ಬರದಿಡ್ತೀನಿ. ಫ್ರಾಕ್ಟಲ್ ಚಿತ್ರ ನಾಕು ಮನಿ ದಾಟಿ ಬರ್ತೈತಿ: ಲೆಕ್ಕ, ಆ ಲೆಕ್ಕಕ್ಕ ಕಂಪ್ಯೂಟರ್ ಇಟ್ಕೊಳ್ಳೋ ಅಂಕಿ, ಅಂಕಿಗೆ ನಾವು ಹಚ್ಚೂ ಬಣ್ಣ, ಕಡೀಗೆ ಪ್ರಿಂಟು. ತಪ್ಪು ಮೊದಲ್ನೇ ಮನ್ಯಾಗ ಆಗಿರ್ತೈತಿ, ಕಾಣೂದು ನಾಕನೇ ಮನ್ಯಾಗ, ನಾವು ಬೈಯ್ಯೂದು ನಾಕನೇ ಮನಿಯವ್ನ. ಅದಕ್ಕ ನಾನೀಗ ಮಾಡೋ ಕೆಲಸ ಏನಂದ್ರ, ಒಂದೊಂದು ಪಿಕ್ಸೆಲ್ ಎಷ್ಟು ಸುತ್ತಿಗೆ ಹೊರಗ ಹಾರಿ ಹೋತು ಅನ್ನೋ ಎಣಿಕಿ ಇರ್ತೈತಲ್ಲ, ಅದನ್ನ ಬಣ್ಣ ಹಚ್ಚೂಕಿಂತ ಮೊದ್ಲ ಬ್ಯಾರೆ ಫೈಲ್ ಮಾಡಿ ಇಟ್ಟುಬಿಡ್ತೀನಿ. ಏನಾರ ಕೆಟ್ರ ಆ ಎಣಿಕಿ ಫೈಲ್ ತಗದು ಬರೇ ಕರಿ ಬಿಳಿದಾಗ ನೋಡೂದು. ಅಲ್ಲೂ ದೋಷ ಕಂಡ್ರ ತಪ್ಪು ಲೆಕ್ಕದಾಗೋ ಅಂಕ್ಯಾಗೋ ಐತಿ, ಕಾಣಲಿಲ್ಲ ಅಂದ್ರ ಬಣ್ಣಕ್ಕ ಇಲ್ಲಾ ಪ್ರಿಂಟಿಗೆ ಹೋಗ್ರಿ. ಅರ್ಧ ದಾರಿ ಅಲ್ಲೇ ಮುಗೀತು.

ಮೊದ್ಲ ಲೆಕ್ಕ ಸರಿ ಐತೇನು

ಗೊತ್ತಿಲ್ಲದವ್ರಿಗೆ ಎರಡು ಸಾಲು: ಚಿತ್ರದ ಪ್ರತಿ ಬಿಂದು ಒಂದು ಸಿ (ಅಡ್ಡಕ್ಕ ಅದರ ರಿಯಲ್ ಭಾಗ, ಎತ್ತರಕ್ಕ ಇಮ್ಯಾಜಿನರಿ ಭಾಗ), ಜೆಡ್ ಅನ್ನೋದು ಸೊನ್ನಿಯಿಂದ ಶುರು, ಪ್ರತಿ ಸುತ್ತಿಗೆ ಜೆಡ್‌ನ ವರ್ಗ ಮಾಡಿ ಸಿ ಕೂಡಿಸೂದು, ಜೆಡ್‌ನ ದೂರ (ಸೊನ್ನಿಯಿಂದ) 2 ದಾಟಿದ್ರ ಆ ಸಿ ಹಾರಿತು, ಅಂದ್ರ ಹೊರಗ, ಎಂದೂ ದಾಟಲಿಲ್ಲ ಅಂದ್ರ ಸಿ ಸೆಟ್‌ನ ಒಳಗ. ಇಷ್ಟ. 1980ರಾಗ ಐಬಿಎಂದಾಗ ಕುಂತು ಬೆನುವಾ ಮ್ಯಾಂಡೆಲ್‌ಬ್ರಾಟ್ ಇದರ ಚಿತ್ರ ತಗದಾಗಿಂದ ಮಂದಿ ತಲಿ ಕೆಟ್ಟೇತಿ, ನಂದೂ.

ಕೋಡ್ ಬರದ ಮ್ಯಾಲೆ ಚಿತ್ರ ಮಾಡಾಕ ಓಡಬ್ಯಾಡ್ರಿ, ಐದು ಬಿಂದು ಕೈಯಾಗ ಹಾಕಿ ನೋಡ್ರಿ. ಸಿ ಸೊನ್ನಿ ಇದ್ರ ಎಂದೂ ಹಾರಬಾರ್ದು. ಮೈನಸ್ 1 ಇದ್ರ ಸೊನ್ನಿ, ಮೈನಸ್ 1, ಸೊನ್ನಿ, ಮೈನಸ್ 1 ಅಂತ ಜೋಕಾಲಿ ಆಡ್ಬೇಕು. 1 ಇದ್ರ 1, 2, 5, 26 ಅಂತ ಓಡಿ ಹೋಗ್ಬೇಕು. ಸಿ ಅನ್ನೋದು ಬರೇ ಐ, ಅಂದ್ರ ಮೈನಸ್ 1ರ ವರ್ಗಮೂಲ, ಇದ್ರ ಸುತ್ತಾಕಿ ಬರೂದು ಬಿಟ್ರ ಹೊರಗ ಹೋಗಬಾರ್ದು. ಮೈನಸ್ 2 ಭಾಳ ಮಜಾ, ಅದು ಮೈನಸ್ 2, 2, 2, 2 ಅಂತ ಸರಿಯಾಗಿ ಬೇಲಿ ಮ್ಯಾಲೆ ಕುಂತಿರ್ತೈತಿ. ನೀವು "2ಕ್ಕಿಂತ ಹೆಚ್ಚು" ಅನ್ನೋ ಕಡೆ "2 ಅಥವಾ ಹೆಚ್ಚು" ಅಂತ ಬರದಿದ್ರ ಪಾಪ ಅದನ್ನ ಹೊರಗ ಹಾಕ್ತೀರಿ. ಚಿತ್ರದಾಗ ಇದು ಕಣ್ಣಿಗೆ ಕಾಣೂದಿಲ್ಲ, ಆದ್ರ ಕೋಡ್ ಬರದವ್ನ ಗಮನ ಎಲ್ಲಿತ್ತು ಅಂತ ಗೊತ್ತಾಕ್ಕೈತಿ.

ಇನ್ನೊಂದು ಪರೀಕ್ಷಾ ಐತಿ, ಅದು ನನ್ನ ಪ್ರೀತಿದು. ಸಿಯ ರಿಯಲ್ ಭಾಗ ಮೈನಸ್ 0.75 ಇಟ್ಟು, ಇಮ್ಯಾಜಿನರಿ ಭಾಗ 0.1 ಕೊಡ್ರಿ, ಹಾರಾಕ 33 ಸುತ್ತು ಬೇಕು. 0.01 ಕೊಡ್ರಿ, 315. 0.001 ಕೊಡ್ರಿ, 3143. 0.0001 ಕೊಟ್ರ 31417. ನೋಡ್ರಿ, ಪೈ ಬರಾಕತ್ತೇತಿ! 1991ರಾಗ ಡೇವ್ ಬೋಲ್ ಅನ್ನಾವ ಬ್ಯಾರೆ ಏನೋ ನೋಡಾಕ ಹೋಗಿ ಇದನ್ನ ಕಂಡ. ಸುತ್ತು ಎಣಿಸೂ ಪದ್ಧತಿ ಮ್ಯಾಲೆ ಒಂದು ಹೆಚ್ಚು ಕಮ್ಮಿ ಆಗಬಹುದು, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಆದ್ರ 315ರ ಕಡೆ 160 ಬಂತು ಅಂದ್ರ ನೀವು ಒಂದ ಲೂಪ್‌ನಾಗ ವರ್ಗ ಮಾಡಿ ಸಿ ಕೂಡಿಸೂ ಸುತ್ತು ಎರಡು ಸಲ ಹೊಡ್ಯಾಕತ್ತೀರಿ.

ಆಕಾರ ನೋಡಾಕ ಇನ್ನೂ ಸಸಾರ. ದೊಡ್ಡ ಹೃದಯದಂಥ ಆಕಾರದ ಎಡಕ್ಕ ಹತ್ಕೊಂಡಿರೂ ಗುಂಡು ಐತಲ್ಲ, ಅದು ಸುಮಾರಾಗಿ ದುಂಡಗಲ್ಲ, ಖರೇನ ಪಕ್ಕಾ ವೃತ್ತ. ನಡುಬಿಂದು ಮೈನಸ್ 1, ತ್ರಿಜ್ಯ ಕಾಲು. ಚಿತ್ರದಾಗ ಅದು ಜ್ವಾಳದ ರೊಟ್ಟಿ ಹಂಗ ದುಂಡಗಿರಲಾರ್ದ ತತ್ತಿ ಆಕಾರಕ್ಕ ಬಂದ್ರ, ಎಕ್ಸ್ ಕಡೆ ಎಷ್ಟು ಅಗಲ ತಗೊಂಡೀರಿ, ವೈ ಕಡೆ ಎಷ್ಟು ತಗೊಂಡೀರಿ, ಪಿಕ್ಸೆಲ್ಲಿನ ಪ್ರಮಾಣಕ್ಕ ಅದು ಕೂಡ್ತೈತೋ ಇಲ್ಲೋ ನೋಡ್ರಿ. 4:3 ಪಿಕ್ಸೆಲ್ಲಿಗೆ 3 ಅಗಲ ತಗೊಂಡ್ರ ಎತ್ತರ 2.25 ಇರ್ಬೇಕು, 2.4 ಅಲ್ಲ.

ತಲಿಕೆಳಗ ಬಂದಿರೂದು ಮಾತ್ರ ಇಡೀ ಚಿತ್ರದಾಗ ಗೊತ್ತಾಗೂದಿಲ್ಲ. ಗೋಳಗುಮ್ಮಟಾನ ಎದುರಿಗೆ ನಿಂತು ಕನ್ನಡಿಯೊಳಗ ಫೋಟೋ ತಗದ್ರ ಎಡ ಯಾವುದು ಬಲ ಯಾವುದು ಗೊತ್ತಾಗೂದಿಲ್ಲಲ್ಲ, ಆ ಕಡೆನೂ ಏಳಂತಸ್ತಿನ ಮಿನಾರ, ಈ ಕಡೆನೂ ಏಳಂತಸ್ತಿನ ಮಿನಾರ, ಹಂಗ ಇದೂ. ಈ ಸೆಟ್ ಮ್ಯಾಲೆ ಕೆಳಗ ಒಂದ ರೀತಿ ಇರ್ತೈತಿ. ಚಿತ್ರದ ಮೊದಲ್ನೇ ಸಾಲು ಮ್ಯಾಲಿಂದ ಶುರು, ಗಣಿತದ ವೈ ಕೆಳಗಿಂದ ಶುರು, ಹಂಗಾಗಿ ತಿರಗಾಮುರಗಾ ಆಗಿರ್ತೈತಿ, ಯಾವುದೋ ಒಂದು ಜಾಗಕ್ಕ ಝೂಮ್ ಮಾಡಿ ಪಾಯಿಂಟ್ ಹಾಕಿದಾಗ ಬ್ಯಾರೆ ಏನೋ ಬಂದು ನಿಂತಾಗ ಗೊತ್ತಾಕ್ಕೈತಿ. ಲಾಭನೂ ಐತಿ: ಇಡೀ ಚಿತ್ರ ಮಾಡಿದಾಗ ಮ್ಯಾಲಿನ ಅರ್ಧ ಕೆಳಗಿನ ಅರ್ಧಕ್ಕ ಹೊಂದಲಿಲ್ಲಂದ್ರ ಮುಂದ ಏನೂ ನೋಡಬ್ಯಾಡ್ರಿ, ಕೋಡ್ ತಪ್ಪೈತಿ.

ಇಡೀ ಚಿತ್ರ ಕರಿ, ಅಂಚಿಗೆ ಮಾತ್ರ ದಾರದಂಥ ಗೆರಿ

ಇದು ನಂಪೈ (ಪೈಥಾನ್‌ದಾಗ ರಾಶಿ ಅಂಕಿ ಒಮ್ಮಿಗೆ ಲೆಕ್ಕ ಹಾಕೂ ಲೈಬ್ರರಿ) ಹೊಸದಾಗಿ ಕಲ್ತವ್ರಿಗೆ ಬರೂ ಜಡ್ಡು. ಎಲ್ಲಾ ಪಿಕ್ಸೆಲ್ ಒಟ್ಟಿಗೆ ಓಡಿಸ್ತೀರಿ, ಹಾರಿ ಹೋದವನ್ನ ನಿಲ್ಲಿಸೂದಿಲ್ಲ, ಎಲ್ಲಾ ಸುತ್ತು ಮುಗದ ಮ್ಯಾಲೆ "ಯಾರ್ಯಾರು 2ಕ್ಕಿಂತ ದೊಡ್ಡವ್ರು" ಅಂತ ಕೇಳ್ತೀರಿ. ಹಾರಿ ಹೋದ ಜೆಡ್ ಸುಮ್ನ ಇರೂದಿಲ್ಲ, ವರ್ಗ ಆಕ್ಕೋತ ಹೋಗಿ ಹತ್ತು ಹನ್ನೆರಡು ಸುತ್ತಿನ್ಯಾಗ ಡಬಲ್, ಅಂದ್ರ ಕಂಪ್ಯೂಟರ್ ಅಂಕಿ ಇಟ್ಕೊಳ್ಳೂ 64 ಬಿಟ್ ಡಬ್ಬಿ, ಅದರ ಮಿತಿ ದಾಟ್ತೈತಿ. ಆ ಮಿತಿ 10ರ 308ನೇ ಘಾತದ ಆಸುಪಾಸು. ದಾಟಿದ ಮ್ಯಾಲೆ ಇನ್ಫಿನಿಟಿ, ಅದರ ಮುಂದ "ನಾನ್", ಅಂದ್ರ ಅಂಕಿನ ಅಲ್ಲದ್ದು. ನಾನ್‌ಗ ನೀನು 2ಕ್ಕಿಂತ ದೊಡ್ಡವನೇನಪಾ ಅಂತ ಕೇಳಿದ್ರ ಅಲ್ಲ ಅಂತೈತಿ. ಚಿಕ್ಕವನೇನು ಅಂದ್ರೂ ಅಲ್ಲ ಅಂತೈತಿ. ಹಂಗಾಗಿ ಹೊರಗಿನವ್ರೆಲ್ಲಾ ಒಳಗಿನವ್ರಾಗಿ ಕುಂತು ಇಡೀ ಚಿತ್ರ ಕರಿ. ಕಡೇ ಹತ್ತು ಸುತ್ತಿನ್ಯಾಗ ಹಾರಿದವ್ರು ಮಾತ್ರ ಇನ್ನೂ ಅಂಕಿಯಾಗಿ ಉಳದಿರ್ತಾರ, ಆ ದಾರದ ಗೆರಿ ಅವ್ರದು.

ಟರ್ಮಿನಲ್‌ನಾಗ ಓವರ್‌ಫ್ಲೋ ಅಂತ ವಾರ್ನಿಂಗ್ ಬಂದಿರ್ತೈತಿ, ನಾವು ವಾರ್ನಿಂಗ್ ಓದೂ ಮಂದಿ ಅಲ್ಲ. ಹಾರಿದ್ದನ್ನ ಅದ ಸುತ್ತಿನ್ಯಾಗ ಗುರ್ತು ಹಾಕಿ, ಮುಂದಿನ ಸುತ್ತಿನ್ಯಾಗ ಅದನ್ನ ಮುಟ್ಟಬ್ಯಾಡ್ರಿ, ಸರಿ ಹೋಗ್ತೈತಿ, ಟೈಮೂ ಉಳೀತೈತಿ.

ಝೂಮ್ ಮಾಡಿದ್ರ ಕರಿ ಬೊಟ್ಟು ಊದಿಕೊಂಡಂಗ

ಇಡೀ ಚಿತ್ರ ಚಂದ ಬರ್ತೈತಿ, ಒಳಗ ಹೋದಂಗ ಹೋದಂಗ ಸಣ್ಣ ಸುರುಳಿ ಎಲ್ಲಾ ಮುಚ್ಚಿ ಕರಿ ಗಡ್ಡಿ ಆಗಿ, ಅದರ ಅಂಚು ಬೆಣ್ಣಿ ಹಚ್ಚಿದಂಗ ನುಣ್ಣಗ. ಈ ನುಣುಪು ಕಂಡ ಕೂಡ್ಲೆ ಅನುಮಾನ ಬರಬೇಕು. ಮ್ಯಾಂಡೆಲ್‌ಬ್ರಾಟ್‌ನ ದಂಡಿ ಎಲ್ಲೂ ನುಣ್ಣಗಿರೂದಿಲ್ಲ, ನಮ್ಮ ಹಳೇ ಊರಿನ ಸುತ್ತ ಆಲಮಟ್ಟಿ ಹಿನ್ನೀರು ಬಂದು ನಿಂತಾಗ ದಂಡಿ ನೋಡ್ರಿ, ಮೇಲಿಂದ ಫೋಟೋದಾಗ ಒಂದು ಬಾಗು ಕಂಡದ್ದು ನಡಕೊಂಡು ಹೋದ್ರ ಹತ್ತು ಬಾಗು ಆಗಿರ್ತೈತಿ. ಅಳೆಯೋ ಕೋಲು ಸಣ್ಣ ಮಾಡಿದಂಗ ದಂಡಿ ಉದ್ದ ಆಕ್ಕೋತ ಹೋಗ್ತೈತಿ ಅಂತ ಮ್ಯಾಂಡೆಲ್‌ಬ್ರಾಟ್ 1967ರಾಗ ಬ್ರಿಟನ್ ಕರಾವಳಿ ಹಿಡ್ಕೊಂಡು ಬರದದ್ದು ಇದನ್ನ.

ಕಾರಣ: ಸುತ್ತಿನ ಮಿತಿ ಕಮ್ಮಿ ಬಿತ್ತು. ಮ್ಯಾಲೆ ಪೈ ಲೆಕ್ಕ ಹೇಳಿದೆನಲ್ಲ, ಅದ ಇಲ್ಲಿ ಕೆಲಸಕ್ಕ ಬರ್ತೈತಿ. ಮಿತಿ 256 ಇಟ್ಕೊಂಡ್ರಿ ಅಂದ್ರ, 0.01 ದೂರದಾಗ ಇರೂ ಬಿಂದು 315ನೇ ಸುತ್ತಿಗೆ ಹಾರಬೇಕಾಗಿತ್ತು, ಅದಕ್ಕ ಮೊದ್ಲ ನೀವು ಎಣಿಕಿ ನಿಲ್ಲಿಸಿ "ಇದು ಒಳಗಿಂದು" ಅಂತ ಕರಿ ಬಳದ್ರಿ. ಮಿತಿ ದುಪ್ಪಟ್ಟು ಮಾಡಿ ಅದ ಜಾಗ ಹೊಳ್ಳಿ ತಗೀರಿ, ಕರಿ ಭಾಗ ಕರಗಿದ್ರ ಇನ್ನೊಮ್ಮೆ ದುಪ್ಪಟ್ಟು, ಕರಗೂದು ನಿಂತಾಗ ಸಾಕು. ನಾನು 300ರಿಂದ ಶುರು ಮಾಡಿ ಆ ಗಿರಾಕಿ ಚಿತ್ರಕ್ಕ 5000ಕ್ಕ ಬಂದು ನಿಂತೆ. ಇದನ್ನೆಲ್ಲಾ 400 × 300ರ ಸಣ್ಣ ಚಿತ್ರದಾಗ ಮಾಡ್ರಿ, ದೊಡ್ಡದು ಅದಕ್ಕಿಂತ 900 ಪಟ್ಟು. ಸಣ್ಣದಕ್ಕ 2 ಸೆಕೆಂಡ್ ಹಿಡದ್ರ ದೊಡ್ಡದಕ್ಕ ಅರ್ಧ ತಾಸು, ಸಣ್ಣದಕ್ಕ ಒಂದು ನಿಮಿಷ ಹಿಡದ್ರ ದೊಡ್ಡದಕ್ಕ 15 ತಾಸು, ನಡುವ ಕರೆಂಟ್ ಹೋತಂದ್ರ ಶಿವಾಯ ನಮಃ.

ಅಡ್ಡಚೂರು, ನನ್ನ ಕ್ಯಾನ್ವಾಸ್ ಕೆಡಿಸಿದ ಜಡ್ಡು

ಈಗ ಅಸಲಿ ಕಥಿ. ಫೈಲ್ ಝೂಮ್ ಮಾಡಿದಾಗ ಕಂಡದ್ದು ಚೌಕ ಅಲ್ಲ, ಅಡ್ಡ ಉದ್ದನ್ನ ಚೂರು. ಅಗಲ 7 ಪಿಕ್ಸೆಲ್, ಎತ್ತರ ಒಂದೋ ಎರಡೋ ಪಿಕ್ಸೆಲ್. ಇದನ್ನ ಸರಿಯಾಗಿ ನೋಡಿದ್ರ ಮೊದಲ್ನೇ ದಿನಾನ ಸಿಗ್ತಿತ್ತು. ಜೆಪೆಗ್ ಒತ್ತಿ ಕೆಟ್ರ 8 × 8ರ ಚೌಕ ಬರ್ತಾವ. ಸಣ್ಣ ಚಿತ್ರ ಎಳದು ದೊಡ್ಡದು ಮಾಡಿದ್ರೂ ಚೌಕನ ಬರ್ತಾವ. ಪ್ರಿಂಟರ್ ಹೆಡ್ ಕಟ್ಟಿದ್ರ ಈ ತುದಿಯಿಂದ ಆ ತುದಿಗೆ ಗೆರಿ ಎಳದಂಗ ಬರ್ತೈತಿ. ಅಗಲಕ್ಕೊಂದು ಅಳತಿ, ಎತ್ತರಕ್ಕೊಂದು ಅಳತಿ ಇರೂ ಚೂರು ಬಂತಂದ್ರ ಅದು ಅಂಕಿಯ ಜಡ್ಡು.

ಯಾಕ ಅಂತ ಕೇಳ್ರಿ. ಆ ಚಿತ್ರದ ಜಾಗ ರಿಯಲ್ ಮೈನಸ್ 0.7436, ಇಮ್ಯಾಜಿನರಿ 0.1318ರ ಸುತ್ತ, ಕಡಲಕುದುರಿ ಕಣಿವಿ ಅಂತಾರ ಆ ಕಡೆಗೆ, ಸುರುಳಿ ಬಾಲದ ಕುದುರಿ ಸಾಲಾಗಿ ನಿಂತಂಗ ಕಾಣ್ತೈತಿ. ಚಿತ್ರದ ಅಗಲ 0.0001. ಅದನ್ನ 12000 ಪಿಕ್ಸೆಲ್ಲಿಗೆ ಹಂಚಿದ್ರ ಒಂದು ಪಿಕ್ಸೆಲ್ಲಿಗೆ 0.0000000083. ನಾನು ಮಾಡಿದ ಶಾಣ್ಯಾತನ ಏನಂದ್ರ ಲ್ಯಾಪ್‌ಟಾಪ್‌ನಾಗ 4 ಜಿಬಿ ರ್‍ಯಾಮ್ ಅಷ್ಟ ಐತಿ, 10 ಕೋಟಿ 80 ಲಕ್ಷ ಪಿಕ್ಸೆಲ್ಲಿಗೆ ಕಾಂಪ್ಲೆಕ್ಸ್128 (ಒಂದು ಅಂಕಿಗೆ ಎರಡು ಡಬಲ್) ಹಾಕಿದ್ರ ಸಿ ಒಂದಕ್ಕ 1.7 ಜಿಬಿ, ಜೆಡ್‌ಗ ಇನ್ನೊಂದು 1.7, ವಿಂಡೋಸ್ ಎಲ್ಲಿ ಕೂಡಬೇಕು, ಅಂತಂದು ಕಾಂಪ್ಲೆಕ್ಸ್64 (ಒಂದು ಅಂಕಿಗೆ ಎರಡು 32 ಬಿಟ್ ಫ್ಲೋಟ್) ಹಾಕಿದ್ದೆ. ಅರ್ಧ ಜಾಗ ಉಳೀತು. ಆದ್ರ ಆ ಸಣ್ಣ ಫ್ಲೋಟ್‌ಗ 24 ಬಿಟ್ ಅಷ್ಟ, ಏಳು ಅಂಕಿ ತನಕ ನಂಬಬಹುದು. 0.74ರ ಹತ್ರ ಅದರ ಒಂದು ಮೆಟ್ಟಿಲು 0.00000006. ಅಂದ್ರ ನನ್ನ 7 ಪಿಕ್ಸೆಲ್ ಕೂಡಿ ಒಂದ ಮೆಟ್ಟಿಲ ಮ್ಯಾಲೆ ನಿಂತಾವ, ಏಳಕ್ಕೂ ಒಂದ ಬಣ್ಣ. 0.13ರ ಹತ್ರ ಮೆಟ್ಟಿಲು ಇದರ ಕಾಲು ಭಾಗ, ಯಾಕಂದ್ರ ಫ್ಲೋಟ್‌ನಾಗ ಅಂಕಿ ಸಣ್ಣದಾದಂಗ ಮೆಟ್ಟಿಲೂ ಸಣ್ಣದು. ಹಂಗಾಗಿ ಎತ್ತರದಾಗ ಎರಡಕ್ಕಿಂತ ಒಂಚೂರು ಕಮ್ಮಿ. ಈರುಳ್ಳಿ ಚೂರಿನ ಆಕಾರ ಬಂದದ್ದು ಇಲ್ಲಿಂದ. ಈ ಲೆಕ್ಕ ಹಾಳಿ ಮ್ಯಾಲೆ ಹಾಕಿ 7 ಬಂದಾಗ ನನಗ ನಗೂ ಬಂತು, ಅಳೂನೂ ಬಂತು, ಕ್ಯಾನ್ವಾಸಿನ ದುಡ್ಡು ನನ್ನ ಕಿಸೆದಿಂದನ ಹೋತಲ್ಲ.

ಇದನ್ನ ಪತ್ತೆ ಹಚ್ಚಾಕ ಸಸಾರ ದಾರಿ: ಎಕ್ಸ್ ಸಾಲಿನ 12000 ಅಂಕಿಯೊಳಗ ಬ್ಯಾರೆ ಬ್ಯಾರೆ ಎಷ್ಟದಾವ ಅಂತ ನಂಪೈದ ಯೂನಿಕ್ ಹಾಕಿ ಎಣಿಸ್ರಿ. 12000 ಬರಬೇಕು. ನನಗ 1700ರ ಒಳಗ ಬಂತು. ವೈದಾಗ 9000ಕ್ಕ 5000 ಚಿಲ್ಲರೆ.

ಪರಿಹಾರ ಕಾಂಪ್ಲೆಕ್ಸ್128, ಆದ್ರ ಪೂರಾ ಚಿತ್ರ ಒಮ್ಮಿಗೆ ಅಲ್ಲ, ಪಟ್ಟಿ ಪಟ್ಟಿ ಮಾಡಿ. 300 ಸಾಲಿಂದೊಂದು ಪಟ್ಟಿ, ಒಟ್ಟು 30 ಪಟ್ಟಿ, ಒಂದು ಪಟ್ಟಿಗೆ ಸಿ ಬರೇ 58 ಎಂಬಿ. ಒಂದೊಂದು ಪಟ್ಟಿ ಮುಗದಂಗ ಡಿಸ್ಕಿಗೆ ಬರದುಬಿಡ್ರಿ, ಕರೆಂಟ್ ಹೋದ್ರ ಹೋಗೂದು ಒಂದ ಪಟ್ಟಿ. ಇದನ್ನ ಮೊದ್ಲ ಮಾಡಿದ್ರ ರ್‍ಯಾಮ್‌ದ ಚಿಂತಿನ ಇರ್ತಿರಲಿಲ್ಲ, ಬುದ್ಧಿ ಬರೂದು ದುಡ್ಡು ಹೋದ ಮ್ಯಾಲೆನ.

ಪಟ್ಟಿ ಮಾಡಿದ್ರ ಹೊಸಾ ಜಡ್ಡು ಒಂದು ಬರ್ತೈತಿ, ಪಟ್ಟಿ ಪಟ್ಟಿ ಕೂಡೂ ಕಡೆ ಕೂದಲೆಳಿ ಅಷ್ಟು ಗೆರಿ. ಎರಡು ತುದಿ ನಡುವ ಸಮ ಅಂತರದ ಅಂಕಿ ಮಾಡಿಕೊಡೂ ನಂಪೈದ ಲಿನ್‌ಸ್ಪೇಸ್ ಅನ್ನೋದು ಕಡೇ ತುದಿ ಅಂಕಿನೂ ಸೇರಿಸಿ ಕೊಡ್ತೈತಿ, ಹಂಗಾಗಿ ಮೊದಲ್ನೇ ಪಟ್ಟಿಯ ಕಡೇ ಸಾಲು, ಎರಡ್ನೇ ಪಟ್ಟಿಯ ಮೊದಲ್ನೇ ಸಾಲು ಒಂದ ಆಗಿಬಿಡ್ತಾವ. ಪ್ರತಿ ಪಟ್ಟಿಗೆ ಬ್ಯಾರೆ ಲಿನ್‌ಸ್ಪೇಸ್ ಹಾಕಬ್ಯಾಡ್ರಿ, 9000 ವೈ ಅಂಕಿ ಒಮ್ಮಿಗೆ ಮಾಡಿ ಇಟ್ಕೊಂಡು ಅದರಾಗಿಂದ 300 300 ಕೊಯ್ಕೋರಿ.

ಡಬಲ್ ಹಾಕಿದ್ರ ಪಾರಾದ್ವಿ ಅಂತಲ್ಲ. ಅದಕ್ಕೂ 53 ಬಿಟ್ ಮಿತಿ ಐತಿ, 12000 ಪಿಕ್ಸೆಲ್ಲಿನ ಚಿತ್ರಕ್ಕ ಅಗಲ 10ರ ಮೈನಸ್ 12ನೇ ಘಾತಕ್ಕ ಇಳದ್ರ ಅದ ಚೂರು ತಿರಗಿ ಹಾಜರ್. ಅದರ ಕೆಳಗ ಹೋಗಾಕ ಪರ್ಟರ್ಬೇಶನ್ ಅಂತ ಪದ್ಧತಿ ಐತಿ, 2013ರಾಗ ಕೆ. ಐ. ಮಾರ್ಟಿನ್ ತೋರಿಸಿಕೊಟ್ಟಿದ್ದು, ಒಂದ ಬಿಂದುವಿನ ಓಟ ಭಾಳ ಅಂಕಿ ಇಟ್ಕೊಂಡು ಲೆಕ್ಕ ಹಾಕಿ ಉಳದ ಪಿಕ್ಸೆಲ್‌ಗೆಲ್ಲಾ ಅದರಿಂದ ಎಷ್ಟು ಸರದಾವ ಅನ್ನೋದಷ್ಟ ಹಿಡಿಯೂದು. ಅದಕ್ಕ ರೆಡಿ ಸಾಫ್ಟ್‌ವೇರ್ ಅದಾವ, ಕೈಲೆ ಬರಿಯಾಕ ಹೋಗಬ್ಯಾಡ್ರಿ, ನಾನು ಹೋಗಿ ಬಂದೀನಿ.

ಬಣ್ಣದ ಜಡ್ಡು

ಎಣಿಕಿ ಫೈಲ್ ಕರಿ ಬಿಳಿದಾಗ ಸರಿ ಐತಿ, ಬಣ್ಣದ ಚಿತ್ರದಾಗ ಪಟ್ಟಿ ಪಟ್ಟಿ ಮೆಟ್ಟಿಲು. ಎಣಿಕಿ ಪೂರ್ಣಾಂಕ ಇರ್ತೈತಿ, 41 ಆದ ಮ್ಯಾಲೆ 42, ನಡುವ ಏನಿಲ್ಲ. ಅದಕ್ಕ ಹಾರಿದ ಹೊತ್ತಿನ ಜೆಡ್‌ನ ದೂರ ಎಷ್ಟಿತ್ತು ಅಂತ ಇಟ್ಕೊಂಡು, ಎಣಿಕಿಗೆ 1 ಕೂಡಿಸಿ, ಅದರಾಗ ಆ ದೂರದ ಲಾಗ್‌ನ ಲಾಗ್‌ನ 2ರ ಲಾಗ್‌ಲೆ ಭಾಗಿಸಿ ಬಂದದ್ದನ್ನ ಕಳೀಬೇಕು, ಆಗ 41.37 ಅಂಥ ಅಂಕಿ ಬಂದು ಬಣ್ಣ ನುಣ್ಣಗ ಹರೀತೈತಿ. ಇದನ್ನ ಹಾಕಿದ ಮ್ಯಾಲೂ ಮಸುಕಾಗಿ ಮೆಟ್ಟಿಲು ಕಾಣಾಕತ್ತಿದ್ರ ನಿಮ್ಮ ಹಾರೂ ಗಡಿ ಇನ್ನೂ 2 ಐತಿ. ಅದನ್ನ 256 ಮಾಡ್ರಿ, ಈ ಸೂತ್ರ ಜೆಡ್ ದೊಡ್ಡದಿದ್ದಾಗ ಅಷ್ಟ ಸರಿ ಕೂಡ್ತೈತಿ. ಸುತ್ತು ಎರಡು ಮೂರು ಹೆಚ್ಚಾಕ್ಕಾವ ಅಷ್ಟ. ಅಂದಂಗ ಪೈ ಪರೀಕ್ಷಾ ಮಾಡುವಾಗ ಮಾತ್ರ 2ಕ್ಕ ಇಟ್ಕೋರಿ, ಇಲ್ಲಾಂದ್ರ 33ರ ಕಡೆ 36 ಬಂದು ಗಾಬರಿ ಆಗ್ತೀರಿ.

ಇಡೀ ಚಿತ್ರಕ್ಕ ಒಂದ ಬಣ್ಣ ಬಂತು ಅನ್ನೋದೂ ಭಾಳ ಸಲ ಕೇಳೀನಿ. ಮಿತಿ 5000, ಎಣಿಕಿ ಎಲ್ಲಾ 150ರಿಂದ 400ರ ನಡುವ, ನೀವು 5000ಲೆ ಭಾಗಿಸಿದ್ರ ಎಲ್ಲಾ ಪಿಕ್ಸೆಲ್ಲು ಬಣ್ಣದ ಸಾಲಿನ ಮೊದಲ್ನೇ ಶೇಕಡಾ 8ರಾಗ ಗುದ್ದಾಡ್ಕೋತ ಕೂಡ್ತಾವ. ಕನಿಷ್ಠ ಎಣಿಕಿ ಕಳದು, ಲಾಗ್ ತಗೊಂಡು ಆಮ್ಯಾಲೆ ಬಣ್ಣಕ್ಕ ಕೊಡ್ರಿ. ನಡುವ ಎಲ್ಲೋ ಥಟ್ಟನೆ ಹಳದಿಗೆ ಹತ್ತಿ ಕಡು ನೀಲಿ ಬಂತಂದ್ರ ಬಣ್ಣದ ಸಾಲಿನ ಕಡೇ ಬಣ್ಣ ಮೊದಲ್ನೇದಕ್ಕ ಹೊಂದಿಲ್ಲ, ಸುತ್ತಿ ಬರುವಾಗ ಹಾರಿ ಬಿದ್ದೇತಿ.

ಮರಳು ಉಗ್ಗಿದಂಗ ಕಾಳು ಕಾಳು ಬಂದ್ರ ಅದು ತಪ್ಪಲ್ಲ, ದಂಡಿ ಹತ್ರ ಒಂದ ಪಿಕ್ಸೆಲ್‌ನೊಳಗ ಹತ್ತು ಸುರುಳಿ ಇರ್ತಾವ, ನೀವು ಅದರ ನಡುವಿನ ಒಂದ ಚುಕ್ಕಿ ನೋಡಿ ಬಣ್ಣ ಹಚ್ಚೀರಿ. ಒಂದು ಪಿಕ್ಸೆಲ್ಲಿಗೆ 2 × 2 ಅಥವಾ 3 × 3 ಚುಕ್ಕಿ ತಗೊಂಡು ಸರಾಸರಿ ಮಾಡ್ರಿ. ಆದ್ರ ಸರಾಸರಿ ಬಣ್ಣದ್ದು ಮಾಡ್ರಿ, ಎಣಿಕಿದು ಅಲ್ಲ. 20 ಮತ್ತು 4000ರ ಸರಾಸರಿ 2010 ಅಂತ ಮಾಡಿ ಅದಕ್ಕ ಬಣ್ಣ ಹಚ್ಚಿದ್ರ ಅಲ್ಲಿ ಇರಲಾರದ ಬಣ್ಣ ಬಂದು ಕೂಡ್ತೈತಿ.

ಪ್ರಿಂಟ್ ಬಗ್ಗೆ ಭಾಳ ಹೇಳೂದಿಲ್ಲ, ನನ್ನ ದಿನದ ಕೆಲಸ ಅದ, ಬ್ಯಾಸರ. ಪರದೆ ಮ್ಯಾಲೆ ಹೊಳೆಯೋ ನೀಲಿ, ಗಿಣಿ ಹಸರು ಸಿಎಂವೈಕೆ, ಅಂದ್ರ ಪ್ರಿಂಟಿನ ನಾಕು ಬಣ್ಣದ, ಶಾಯಿದಾಗ ಹುಟ್ಟೂದಿಲ್ಲ, ಪ್ರಿಂಟ್ ಮಬ್ಬು ಬಂದ್ರ ಅದಕ್ಕ. ಬಣ್ಣ ಆರಿಸುವಾಗನ ಇಳಕಲ್ ಸೀರಿ ಕಡೆ ನೋಡ್ರಿ, ದಾಳಿಂಬ್ರಿ ಕೆಂಪು, ನವಿಲು ಬಣ್ಣ, ಶಾಯಿದಾಗ ಇವು ಚೊಲೋ ಕೂಡ್ತಾವ. ಫೈಲ್ ಪಿಎನ್‌ಜಿ ಇಲ್ಲಾ ಟಿಫ್ ಕೊಡ್ರಿ. ಪೂರಾ ಪ್ರಿಂಟಿಗೆ ಹೋಗೂಕಿಂತ ಮೊದ್ಲ ನಡುವಿನ ಎ4 ಅಷ್ಟು ತುಂಡು ಅಸಲಿ ಅಳತಿದಾಗ ತಗಿಸಿ ನೋಡ್ರಿ, ನಾನು ಈ ಒಂದು ಕೆಲಸ ಮಾಡಿದ್ರ ಆ ಹುಡುಗನ್ನ ಬೈತಿರಲಿಲ್ಲ.

ಕೋಖ್ ಗೆರಿ ಎಳಿ ಮ್ಯಾಲೆ ಕೂಡವಲ್ದು

ಇದು ಬ್ಯಾರೆ ನಮೂನಿ ಕೆಲಸ. ಚಿಕ್ಕವ್ವ ಇಳಕಲ್‌ದಾಗ ಇರ್ತಾಳ, ಕಸೂತಿ ಹಾಕ್ತಾಳ. ನನ್ನ ಚಿತ್ರ ನೋಡಿ ಇಂಥದ್ದೊಂದು ದಂಡಿಗೆ ಬರ್ಕೊಡು ಅಂದ್ಲು. ಸ್ವೀಡನ್‌ದ ಹೆಲ್ಗ ಫಾನ್ ಕೋಖ್ 1904ರಾಗ ಕೊಟ್ಟ ಗೆರಿ, ಗೆರಿ ನಡುವ ತ್ರಿಕೋನ ಎಬ್ಬಿಸಿಕೋತ ಹೋಗೂದು, ಅದನ್ನ ಬರದು ಒಯ್ದೆ. ಆಕಿ ಎಳಿ ಎಣಿಸಿ ನೋಡಿ ಇದು ಕೂಡೂದಿಲ್ಲ ಅಂದ್ಲು. ಖರೇನ, 60 ಡಿಗ್ರಿ ತ್ರಿಕೋನದ ಮೂರೂ ಮೂಲಿ ಚೌಕದ ಗ್ರಾಫ್ ಮ್ಯಾಲೆ ಎಂದೂ ಕೂಡೂದಿಲ್ಲ, ಎಷ್ಟ ದೊಡ್ಡದು ತಗೊಂಡ್ರೂ. ಇದು ಸಾಬೀತಾದ ಮಾತು. ರೌಂಡ್ ಮಾಡಿ ಕೂಡ್ರಿಸಾಕ ಹೋದ್ರ ಗೆರಿ ಸೊಟ್ಟ ಆಕ್ಕೈತಿ.

ಅದಕ್ಕ ಅದರ ತಮ್ಮನ್ನ ತಗೊಂಡೆ, 90 ಡಿಗ್ರಿದು: ಒಂದು ಹೆಜ್ಜಿ ಮುಂದ, ಎಡಕ್ಕ ತಿರುಗು, ಹೆಜ್ಜಿ, ಬಲಕ್ಕ, ಹೆಜ್ಜಿ, ಬಲಕ್ಕ, ಹೆಜ್ಜಿ, ಎಡಕ್ಕ, ಹೆಜ್ಜಿ. ಪ್ರತಿ ಹೆಜ್ಜಿನೂ ಹೊಳ್ಳಿ ಇದ ಐದು ಹೆಜ್ಜಿ ಮಾಡೂದು. ಅಗಲ ಮೂರು ಪಟ್ಟು, ಹೊಲಿಗಿ ಐದು ಪಟ್ಟು: 2ನೇ ಹಂತಕ್ಕ ಅಗಲ 9, ಹೊಲಿಗಿ 25, 3ನೇದಕ್ಕ ಅಗಲ 27, ಹೊಲಿಗಿ 125. ಮೊದಲ್ನೇ ಪ್ರಿಂಟ್‌ನಾಗ ಮೂಲಿ ಎಲ್ಲಾ ಚೂಪಾಗಿ ಮಡಚಿದಂಗ ಬಂದ್ವು. ಗೆರಿ ಎಷ್ಟು ತಿರುಗೇತಿ ಅಂತ ಕೋನಮಾಪಕ ಇಟ್ರ 90 ಅಲ್ಲ, 117ರ ಹತ್ರ. ಈ ಅಂಕಿ ನೋಡಿದ್ರ ಕಣ್ಣು ಮುಚ್ಚಿ ಹೇಳಬಹುದು, 90 ಡಿಗ್ರಿ ಅಂತ ಕೊಟ್ಟದ್ದನ್ನ ಸೈನ್ ಕೊಸೈನ್ 90 ರೇಡಿಯನ್ ಅಂತ ತಿಳ್ಕೊಂಡೇತಿ, 14 ಪೂರಾ ಸುತ್ತು ಹೊಡದು ಉಳದದ್ದು 116.6 ಡಿಗ್ರಿ. ಪೈಥಾನ್‌ದ ಟರ್ಟಲ್ (ಗೆರಿ ಎಳಿಯೂ ಭಾಗ) ಡಿಗ್ರಿದಾಗ ಮಾತಾಡ್ತೈತಿ, ಮ್ಯಾಥ್ (ಲೆಕ್ಕದ ಭಾಗ) ರೇಡಿಯನ್‌ದಾಗ, ಎರಡೂ ಒಂದ ಮನ್ಯಾಗ ಇದ್ದು ಭಾಷೆ ಬ್ಯಾರೆ.

ಸರಿ ಮಾಡಿ ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಬಂತು, "ಇಲ್ಲಿ ನಾಕು ದಾರಿ ಕೂಡ್ಯಾವಲ್ಲೋ, ಸೂಜಿ ಯಾ ಕಡೆ ಹೋಗ್ಬೇಕು?" ಗೆರಿ ತನ್ನನ್ನ ತಾನ ಮುಟ್ಟಿತ್ತು, ಪ್ಲಸ್ ಗುರ್ತಿನಂಗ. ನನಗ ಖಾತ್ರಿ ಆತು ಕೋಡ್‌ನಾಗ ಬಗ್ ಐತಿ ಅಂತ, ಒಂದು ಸಂಜಿ ಪೂರಾ ಹುಡುಕಿದೆ, ಸಿಗಲಿಲ್ಲ. ಕಡೀಗೆ ಗ್ರಾಫ್ ಹಾಳಿ ತಗದು ಪೆನ್ಸಿಲ್‌ಲೆ ಹಾಕಿದೆ. ಮೊದಲ್ನೇ ಹೆಜ್ಜಿ ಉಬ್ಬಿ ಎದ್ದು 1,1ರಿಂದ (ಬಲಕ್ಕ 1, ಮ್ಯಾಲೆ 1 ಅನ್ನೋ ಲೆಕ್ಕ) 2,1ಕ್ಕ ಬಂದು ಕೆಳಗಿಳದು 2,0, ಅಲ್ಲಿಂದ 3,0. ಎರಡ್ನೇ ಹೆಜ್ಜಿ 3,0ಯಿಂದ ಮ್ಯಾಲೇರಿ 3,1, ಎಡಕ್ಕ ಉಬ್ಬಿ ಎದ್ದು 2,1. ಅದ 2,1! ಬಗ್ ಅಲ್ಲ, ಈ ಗೆರಿ ಹುಟ್ಟಿದ್ದ ಹಂಗ. 2ನೇ ಹಂತದಾಗ ಇಂಥವು ಎರಡು, ಎಡಕ್ಕ 2,1ರಾಗ, ಬಲಕ್ಕ 7,1ರಾಗ. ಚಿಕ್ಕವ್ವ ಹಾಕೂದು ಗವಂತಿ ಅನ್ನೋ ಕಸೂತಿ ಹೊಲಿಗಿ, ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗಿ, ಬರುವಾಗ ಬಿಟ್ಟದ್ದು ತುಂಬೂದು, ಹಿಂದ ಮುಂದ ಒಂದ ರೀತಿ ಕಾಣಬೇಕು, ಗಂಟು ಇರಬಾರ್ದು. ಪ್ಲಸ್‌ನಾಗ ಸೂಜಿ ಕೆಳಗ ಹೋದ್ರೂ ಸರಿ, ನೆಟ್ಟಗ ಹೋದ್ರೂ ಸರಿ, ಹ್ಯಾಂಗ ಹೋದ್ರೂ ನಾಕು ಹೊಲಿಗಿ ಚೌಕ ಸುತ್ತಿ ಅದ ತೂತಿಗೆ ಬಂದು ಮ್ಯಾಲೆ ಹೋಗ್ತೈತಿ. ನಾಕು ಸಮ ಸಂಖ್ಯೆ, ಹಂಗಾಗಿ ಒಂದು ಬಿಟ್ಟು ಒಂದರ ಲೆಕ್ಕನೂ ತಪ್ಪೂದಿಲ್ಲ. ಎಡಕ್ಕ ಹೊಳ್ಳಿ ಸೀದಾ ಮ್ಯಾಲೆ ಹೋದ್ರ ಮಾತ್ರ ಆ ಚೌಕ ಪೂರಾ ಉಳದುಬಿಡ್ತೈತಿ, ಆಕಿಗೆ ಆಗಿದ್ದು ಅದ.

ಈಗ ಕೋಡ್‌ಗ ನಾಕು ಸಾಲು ಸೇರಿಸೀನಿ, ಎರಡು ಸಲ ಬರೂ ಬಿಂದು ಎಲ್ಲಾ ಹುಡುಕಿ ಗ್ರಾಫ್ ಮ್ಯಾಲೆ ಕೆಂಪು ಚುಕ್ಕಿ ಹಾಕಿ ಪ್ರಿಂಟ್ ಕೊಡ್ತೈತಿ, ಕೆಂಪು ಚುಕ್ಕಿ ಕಡೆ ಎಡಕ್ಕ ಹೊಳ್ಳಬ್ಯಾಡ ಅಂತ ಹೇಳೀನಿ. ಬಲಗಡೆಯ ಚುಕ್ಕಿಯೊಳಗ ಸೂಜಿಯ ಎಡ ಅಂದ್ರ ಹಾಳಿಯ ಬಲ ಆಗಿರ್ತೈತಿ ಅಂತ ಹೇಳಾಕ ಮರ್ತಿದ್ದೆ, ಅಲ್ಲಿ ಎಡಗಡೆಯಿಂದ ಅಲ್ಲ, ಮ್ಯಾಲಿಂದ ಇಳದು ಬರ್ತೈತಿ ಗೆರಿ. ಅದನ್ನ ಆಕಿನ ಕಂಡ್ಹಿಡದು, ಹೊಳ್ಳಿ ಬರುವಾಗ ತುಂಬಿ ಮುಗಿಸಿದ್ಲು. ಒಂದು ಹೊಲಿಗಿಗೆ 4 ಎಳಿ ಹಿಡದು 3ನೇ ಹಂತದ್ದು 108 ಎಳಿ ಅಗಲ ಬಂದೇತಿ, ಖಣದ ತುಂಡಿನ ಮ್ಯಾಲೆ. ಅಂಗಡಿ ಗ್ವಾಡಿಗೆ ಹಾಕೀನಿ, ಆ ಕೆಟ್ಟ ಕ್ಯಾನ್ವಾಸಿನ ಪಕ್ಕಕ್ಕ.